ಹೆಸರು ಹಿಡಿದು ಕರೆದದ್ದು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಿವೃತ್ತ ಶಿಕ್ಷಕ ಕೊಟ್ರಪ್ಪ ಅವರೇ, ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಮುಖ್ಯ ಅತಿಥಿಯಾಗಿ ಬಂದಿರುವ ಮುತ್ತವ್ವ ಅವರೇ, ಇವತ್ತು ನಮ್ಮಿಂದ ಬೀಳ್ಕೊಡುಗೆ ಪಡೆಯುತ್ತಿರುವ ಭುವನಾ ಅವರೇ, ಮೂರನೆಯ ಸಾಲಿನಲ್ಲಿ ಕೈಕಟ್ಟಿ ಕೂತಿರುವ ನನ್ನ ಅಕ್ಕ ಐಶ್ವರ್ಯಾ, ಹಾಗೂ ಬ್ಯಾಡಗಿಯ ಸಭಿಕರೇ,

ಯಾರೋ ಸೀನಿದರು. ಚಿಂತೆಯಿಲ್ಲ. ಒಂಟಿ ಸೀನು ಅಪಶಕುನ ಎಂದು ಹೆದರುವವನು ಮೆಣಸಿನಕಾಯಿ ಘಾಟಿನ ಈ ಊರಿನಲ್ಲಿ ತನ್ನ ಮನೆಯ ಹೊಸ್ತಿಲನ್ನೂ ದಾಟಲಾರ.

ಭುವನಾ ಅವರು ಐದು ವರ್ಷ ಇಲ್ಲಿ ಸಂಜೆ ಶಾಲೆ ನಡೆಸಿದರು. ಈಗ ಕುಮಾರಪಟ್ಟಣದ ಒಂದು ಶಾಲೆಯಲ್ಲಿ ಅವರಿಗೆ ನೌಕರಿ ಸಿಕ್ಕಿದೆ. ಐದು ವರ್ಷದಲ್ಲಿ ಅವರು ಮಾಡಿದ್ದೇನು? ಹೆಬ್ಬೆಟ್ಟು ಒತ್ತುತ್ತಿದ್ದ ಅರವತ್ತು ಹೆಂಗಸರ ಕೈಯಲ್ಲಿ ಅವರವರ ಹೆಸರು ಬರೆಸಿದರು. ಸಣ್ಣ ಕೆಲಸ ಎನ್ನುತ್ತೀರಾ? ಮಾರುಕಟ್ಟೆಯಲ್ಲಿ ಈ ಹೆಂಗಸರನ್ನು ಕರೆಯುತ್ತಿದ್ದುದು ಹೇಗೆ? 'ಏ ಬಾಯಿ', 'ಏ ಮುದುಕಿ', 'ಏ ಹಸಿರು ಸೀರಿ'. ಸೀರೆಗೆ ಬಣ್ಣವಿತ್ತು, ಉಟ್ಟವಳಿಗೆ ಹೆಸರಿರಲಿಲ್ಲ. ಮನುಷ್ಯರಿಗೆ ತಮ್ಮದು ಎಂದು ಇರುವ ಮೊದಲ ವಸ್ತು ಹೊಲವೇ? ಮನೆಯೇ? ಹೆಸರಲ್ಲವೇ?

ಇದೇ ನಂಬಿಕೆಯಿಂದ ಮೂರು ವರ್ಷದ ಹಿಂದೆ, ಆ ಶಾಲೆಗೆ ಸಹಾಯಕ್ಕೆ ಹೋಗುತ್ತಿದ್ದ ನಾನು ಒಂದು ಕರಪತ್ರ ಬರೆದೆ: 'ಸಮಾನರಿಗೆ ಹೆಸರೇ ಸಾಕು'. ಶಾಲೆಯೊಳಗೆ ಅಣ್ಣ, ಅಕ್ಕ, ಸಾಹೇಬರು, ಯಜಮಾನರು ಯಾರೂ ಇಲ್ಲ. ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು. ನಾನೇ ಓದಿ ಹೇಳಿದೆ, ನಾನೇ ಗೋಡೆಗೆ ಅಂಟಿಸಿದೆ. ಆಗ ಮೊದಲು ಎದ್ದು ನಿಂತವರು ನಮ್ಮ ಇವತ್ತಿನ ಮುಖ್ಯ ಅತಿಥಿಗಳು.

"ಹೆಸರ ಹಿಡದ ಕರಿಯಾಕ ನಾ ಏನ ನಿಮ್ಮ ಮನಿ ಎಮ್ಮಿ ಏನೋ ಮಾಂತೇಶಾ?"

ನಾನು ಸಮಾನತೆಯ ಬಗ್ಗೆ ಹದಿನೈದು ನಿಮಿಷ ಮಾತನಾಡಿದೆ. ಮುತ್ತವ್ವ ತಾಳ್ಮೆಯಿಂದ ಕೇಳಿದರು.

"ಹೆಸರ ಅಂದ್ರ ಹಗರ ಮಾತಲ್ಲ ತಮ್ಮಾ. ಗಂಡನ ಹೆಸರ ಸೀದಾ ಹೇಳಬಾರದಂತ ನಾವು ಪದದಾಗ ಹೊಂದಿಸಿ ಒಡಪಾ ಕಟ್ಟತೇವಿ. ನೀ ಬಂದಾಗಿಂದ ಭುವನಾ, ಭುವನಾ ಅಂತ ಹತ್ತ ಸಲ ಅಂದಿ. ಒಂದ ಒಡಪಾ ಕಟ್ಟಿಬಿಡು, ಚಲೋ ಆಗ್ತೈತಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಸಿದ್ಧಾಂತವನ್ನು ಹಾಸ್ಯ ಮಾಡಬಾರದು ಎಂದು ಗದರಿದೆ.

ಸಭಿಕರೇ, ನಾನು ಓದಿದ ಪುಸ್ತಿಕೆಗಳೆಲ್ಲ ಒಂದು ಮಾತು ಹೇಳುತ್ತವೆ: ಸಭೆಯಲ್ಲಿ ಮಾಡಿದ ತಪ್ಪನ್ನು ಸಭೆಯಲ್ಲಿಯೇ ಒಪ್ಪಿಕೊಳ್ಳಬೇಕು. ಅದನ್ನು ಮಾಡುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ. ಕ್ಷಮಿಸಿ.

ಭುವನಾ ಅವರು ಹೈಸ್ಕೂಲಿನಿಂದ ನನ್ನ ಅಕ್ಕನ ಗೆಳತಿ. ಕರ್ಜಗಿಯಿಂದ ಬಂದ ಹುಡುಗಿ, ಇಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದವರು, ಊಟದ ಹೊತ್ತಿಗೆ ಮಾತ್ರ ನಮ್ಮ ಮನೆಯಲ್ಲಿರುತ್ತಿದ್ದರು. ನನಗೆ ಭಾಗಾಕಾರ ಕಲಿಸಿದ್ದು ಅವರು. ತಪ್ಪಿದಾಗ ತಲೆಗೆ ಮೊಟಕಿದ್ದೂ ಅವರೇ. ನಾನು ಅವರನ್ನು ಭುವನಕ್ಕ ಎನ್ನುತ್ತಿದ್ದೆ. ಎಂಟು ವರ್ಷ ಹಾಗೆಯೇ ಅಂದೆ.

ಮೂರು ವರ್ಷದ ಹಿಂದೆ ಒಂದು ದಿನ, ಸಂಜೆ ಶಾಲೆ ಬಿಟ್ಟ ಮೇಲೆ ಅವರು ಹಲಗೆ ಒರೆಸುತ್ತಿದ್ದರು. ಅಕ್ಕ ಹೊರಗೆ ಕಾಯುತ್ತಿದ್ದಳು, ಕರೆದುಕೊಂಡು ಬಾ ಎಂದಿದ್ದಳು. ಬಾಗಿಲಲ್ಲಿ ನಿಂತು ಬಾಯಿ ತೆರೆದೆ. 'ಅಕ್ಕಾ' ಎಂಬ ಮಾತು ಬರಲಿಲ್ಲ. ಎಂಟು ವರ್ಷ ಬಂದ ಮಾತು ಅವತ್ತು ಬರಲಿಲ್ಲ. ಅವರು ತಿರುಗಿ ನೋಡಿದರು. ಕೂದಲಲ್ಲೆಲ್ಲ ಸೀಮೆಸುಣ್ಣದ ಪುಡಿ.

"ಯಾಕೋ, ಮೂಕಬಸಣ್ಣನ ಗತೆ ನಿಂತಿ?"

ಅದೇ ವಾರ ನಾನು ಕರಪತ್ರ ಬರೆದೆ.

ಸಿದ್ಧಾಂತ ಸುಳ್ಳೇ? ಅಲ್ಲ. ಹೆಸರು ದೊಡ್ಡದು ಎಂದು ಇವತ್ತೂ ನಂಬುತ್ತೇನೆ. ಆದರೆ ನನ್ನೊಬ್ಬನ ಬಾಯಲ್ಲಿ ಹೊರಳದ ಒಂದು ಮಾತಿಗಾಗಿ ಅರವತ್ತು ಜನರ ಬಾಯಿಂದ ಅದನ್ನು ಕಿತ್ತುಕೊಂಡೆ. ನನ್ನ ತಪ್ಪು ಅದು. ಇಷ್ಟೇ ಹೇಳಿ ಕೂರಬೇಕು ಎಂದುಕೊಂಡಿದ್ದೆ. ಬರೆದು ತಂದ ಹಾಳೆ ಇಲ್ಲಿಗೆ ಮುಗಿಯುತ್ತದೆ.

ಆದರೆ ನನ್ನ ಹಿಂದಿರುವ ಬ್ಯಾನರನ್ನು ನೀವು ಆಗಿನಿಂದ ನೋಡುತ್ತಿದ್ದೀರಿ. 'ಭುವನ' ಆದ ಮೇಲೆ ಒಂದು ಬಿಳಿ ಕಾಗದದ ತುಂಡು ಅಂಟಿದೆ. ಅದು ಅಚ್ಚಿನ ತಪ್ಪಲ್ಲ. 'ಭುವನಕ್ಕ ಅವರಿಗೆ ಬೀಳ್ಕೊಡುಗೆ' ಎಂದು ಬರೆಸಿದ್ದು ನನ್ನ ಅಕ್ಕ. ನಿನ್ನೆ ಅದನ್ನು ಮುಚ್ಚಿದ್ದು ನಾನು. ಅಂಟಿನ ಡಬ್ಬಿ ಕೈಯಲ್ಲಿರುವಾಗಲೇ ಅಕ್ಕ ಹಿಡಿದಳು.

"ಖರೇ ಹೇಳು. ನಿನ್ನ ಕರಪತ್ರದ ಮಾತು ಬ್ಯಾಡ."

ಖರೆ ಹೇಳಿದೆ. ಅವಳು ನನ್ನ ಕೈಯಿಂದ ಅಂಟಿನ ಡಬ್ಬಿ ಕಿತ್ತುಕೊಂಡು ಮುಚ್ಚಳ ಹಾಕಿದಳು. ಆಮೇಲೆ ಹೇಳಿದಳು: "ನನಗ ಇರಾಕಿ ಒಬ್ಬಾಕಿ ಗೆಳತಿ, ಮಾಂತೇಶಾ. ನಾಳಿ ನಿಮ್ಮಿಬ್ಬರ ನಡುವ ಏನರ ಕೆಟ್ಟರ ನೀ ನನ್ನ ತಮ್ಮ ಆಗೇ ಇರ್ತಿ. ಆಕಿ ನನಗ ಏನ ಆಗ್ತಾಳ?"

ನನ್ನ ಪೆಟ್ಟಿಗೆಯಲ್ಲಿ ನೂರಕ್ಕೂ ಹೆಚ್ಚು ಪುಸ್ತಿಕೆಗಳಿವೆ. ಪ್ರೀತಿಗೆ ಯಾರ ಅಪ್ಪಣೆಯೂ ಬೇಡ ಎಂದು ಅವುಗಳಲ್ಲಿ ಬರೆದಿದೆ. ನಾನೂ ಬರೆದಿದ್ದೇನೆ. ಅಕ್ಕ ಕೇಳಿದ್ದಕ್ಕೆ ಮಾತ್ರ ಯಾವುದರಲ್ಲೂ ಉತ್ತರವಿಲ್ಲ.

ಇವತ್ತು ಮುಂಜಾನೆ ಅಕ್ಕ ರೊಟ್ಟಿ ಬಡಿಯುತ್ತಾ, ನನ್ನ ಕಡೆ ನೋಡದೆ ಅಂದಳು: "ಸಂಜಿಕೆ ಸ್ಟೇಷನ್ನಿಗೆ ನಾ ಬರೂದಿಲ್ಲ. ಖುರ್ಚಿ ಮಡಚಿ ಇಡೂ ಕೆಲಸ ಐತಿ. ನೀ ಹೋಗಿ ಆಕಿನ್ನ ಕಳಿಸಿ ಬಾ. ಕೇಳೂದಿದ್ರ ಆಕಿನ್ನ ಕೇಳು. ಮಂದಿ ಮುಂದ ಕೇಳಬ್ಯಾಡ, ಇಲ್ಲ ಅನ್ನಾಕ ಆಕಿಗೂ ಜಾಗಾ ಇರ್ಬೇಕು."

ಸಭಿಕರೇ, ಇವರಿಬ್ಬರೂ ಹನ್ನೊಂದು ವರ್ಷದಲ್ಲಿ ಒಬ್ಬರನ್ನು ಬಿಟ್ಟು ಒಬ್ಬರು ಬಸ್‌ಸ್ಟ್ಯಾಂಡಿಗೂ ಹೋದವರಲ್ಲ. ಖುರ್ಚಿ ಮಡಚುವುದು ಎಂದರೆ ಏನೆಂದು ನನಗೆ ತಿಳಿಯುತ್ತದೆ. ಅಕ್ಕಾ, ಈ ಮಾತನ್ನು ನಾನು ಮೈಕಿನಲ್ಲಿ ಹೇಳಬಾರದಿತ್ತು. ಹೇಳಿಬಿಟ್ಟೆ. ಮನೆಗೆ ಬಂದ ಮೇಲೆ ಬೈಯುವಿಯಂತೆ.

ಭುವನಾ ಅವರೇ, ನಾನು ಇಲ್ಲಿ ಏನನ್ನೂ ಕೇಳುತ್ತಿಲ್ಲ. ನೀವು ತಲೆ ಎತ್ತಬೇಕಾಗಿಲ್ಲ. ಸ್ಟೇಷನ್ನಿನಲ್ಲಿ ನಾನು ಕೇಳುತ್ತೇನೆ; ರೈಲು ರಾಣೆಬೆನ್ನೂರು ದಾಟಿದ ಮೇಲೆ ಫೋನಿನಲ್ಲಿ ಉತ್ತರ ಹೇಳಬಹುದು. ಹೇಳದೆಯೂ ಇರಬಹುದು. ಏನೇ ಆದರೂ ನೀವು ಐಶ್ವರ್ಯಾಳ ಗೆಳತಿ. ಅದನ್ನು ಕೆಡಿಸುವ ಹಕ್ಕು ನನಗಿಲ್ಲ. ಚೀಲವನ್ನಂತೂ ನಾನೇ ಹೊರುತ್ತೇನೆ.

ಇನ್ನು ಈ ಕಾಗದ. ನೋಡಿ, ಕಿತ್ತೆ. ಅಂಟು ಗಟ್ಟಿಯಾಗಿ ಹಿಡಿದಿರಲಿಲ್ಲ, ಪೂರಾ ಬಂತು. ಭುವನಕ್ಕ. ಮುತ್ತವ್ವ ಅವರಿಗೆ, ಶಾಲೆಯ ಎಲ್ಲರಿಗೂ, ಇಡೀ ಬ್ಯಾಡಗಿಗೆ ಅವರು ಅಕ್ಕನಾಗಿಯೇ ಇರಲಿ. ನನಗೊಬ್ಬನಿಗೆ ಬೇಡ.

ಮುತ್ತವ್ವ ಅವರೇ, ನಗಬೇಡಿ. ಒಡಪಾ ನನಗೆ ಬರುವುದಿಲ್ಲ.

ಇಷ್ಟು ಹೊತ್ತು ಕೆಮ್ಮು ಸೀನುಗಳ ನಡುವೆಯೂ ಕೇಳಿದ ನಿಮಗೆ, ಗಂಟೆ ಬಾರಿಸದೆ ತಡೆದುಕೊಂಡ ಅಧ್ಯಕ್ಷರಿಗೆ, ಖುರ್ಚಿ ಮಡಚಲು ಉಳಿಯುವ ನನ್ನ ಅಕ್ಕನಿಗೆ ಕೃತಜ್ಞತೆಗಳು. ರೈಲಿಗೆ ಹೊತ್ತಾಯಿತು.

ನಮಸ್ಕಾರ.