ಅಡಿವೆಪ್ಪ ಸಾಹುಕಾರನ ಹೊಟ್ಟೆಹುಣ್ಣು

ಶರಣರೇ, ಒಂದು ಪೇಟೆಯಲ್ಲಿ ಅಡಿವೆಪ್ಪ ಎಂಬ ಹತ್ತಿ ಸಾಹುಕಾರನಿದ್ದ. ಮನೆಯಲ್ಲಿ ಎಲ್ಲವೂ ಇತ್ತು. ಹೊಟ್ಟೆಯಲ್ಲಿ ಹುಣ್ಣೂ ಇತ್ತು. ಊರಿನ ಡಾಕ್ಟರು ಗುಳಿಗೆ ಕೊಟ್ಟರು, ಮಾಯಿತು. ಗುಳಿಗೆ ಬಿಟ್ಟ, ಮತ್ತೆ ಬಂತು. ಮತ್ತೆ ಗುಳಿಗೆ, ಮತ್ತೆ ಹುಣ್ಣು.

ಈಗ ನೋಡಿ, ಹೊಟ್ಟೆ ಉರಿಯುವವನಿಗೆ ಏನು ಬೇಕು? ಔಷಧಿಗಿಂತ ಮೊದಲು ಒಬ್ಬ ತಪ್ಪಿತಸ್ಥ ಬೇಕು. ಆತ ದೂರ ಹುಡುಕಲಿಲ್ಲ. ಹೆಂಡತಿ ದಾನವ್ವ ಅಲ್ಲೇ ಒಲೆಯ ಮುಂದಿದ್ದಳು.

“ನಿನ್ನ ಖಾರ ನನ್ನ ಹೊಟ್ಟಿ ಸುಡಾಕತ್ತೈತಿ” ಎಂದ.

ದಾನವ್ವ ಖಾರ ಬಿಟ್ಟಳು. ಮನೆಮಂದಿಯೆಲ್ಲ ಸಪ್ಪೆ ಉಂಡರು. ಹುಣ್ಣು ಬಂತು. ಹುಳಿ ಬಿಟ್ಟಳು, ಎಣ್ಣೆ ಬಿಟ್ಟಳು. ಹುಣ್ಣು ಬಂತು. ಬಿಡುವುದಕ್ಕೆ ಇನ್ನೇನೂ ಉಳಿಯದಿದ್ದಾಗ ಆತ, “ನಿನ್ನ ಕೈಗುಣಾನ ಸರಿ ಇಲ್ಲ” ಎಂದು ಆಕೆಗೆ ಅಡುಗೆಮನೆಯನ್ನೇ ಬಿಡಿಸಿದ. ಅಡುಗೆಗೆ ಭಟ್ಟ ಬಂದ. ದಾನವ್ವ ತನ್ನ ಮನೆಯ ಪಡಸಾಲೆಯಲ್ಲಿ ಅತಿಥಿಯಂತೆ ಕೂತಳು.

ಭಟ್ಟನ ಅಡುಗೆ ಉಂಡೂ ಹುಣ್ಣು ಬಂತು. ಈ ಸಲ ಸಾಹುಕಾರ ರಕ್ತ ಕಾರಿದ. ದಾನವ್ವನೇ ಗಾಡಿ ತರಿಸಿ ದೊಡ್ಡ ಆಸ್ಪತ್ರೆಗೆ ಸೇರಿಸಿದಳು.

ಅಲ್ಲಿನ ಡಾಕ್ಟರು ರಕ್ತ ಪರೀಕ್ಷೆ, ಸ್ಕ್ಯಾನು ಮಾಡಿಸಿ ಹೇಳಿದರು: “ಮೇದೋಜೀರಕ ಗ್ರಂಥಿಯೊಳಗ ಕಡ್ಲಿಕಾಳಿನಷ್ಟು ಗಡ್ಡಿ ಐತ್ರಿ. ಅದು ಒಂದು ಹಾರ್ಮೋನು ಬಿಡತೈತಿ. ಅದರಿಂದ ಹೊಟ್ಟ್ಯಾಗ ಆಮ್ಲ ವಿಪರೀತ ಹುಟ್ಟತೈತಿ. ಎಷ್ಟು ಸಲ ಮಾಯಿಸಿದ್ರೂ ಹುಣ್ಣು ಬರೂದು ಅದಕ್ಕ.”

“ಮತ್ತ ಖಾರ?”

“ಖಾರದ್ದೇನಿಲ್ಲ.”

“ಕೈಗುಣ?”

“ಯಾರ ಕೈಗುಣ್ರೀ?” ಎಂದು ಡಾಕ್ಟರು ಕೇಳಿದರು. ಸಾಹುಕಾರ ಗೋಡೆ ನೋಡಿದ. ದಾನವ್ವ ಪಕ್ಕದಲ್ಲೇ ನಿಂತಿದ್ದಳು.

ಗಡ್ಡೆ ತೆಗೆದರು. ಆತ ಗುಣವಾಗಿ ಮನೆಗೆ ಬಂದು, ಭಟ್ಟನನ್ನು ಕಳಿಸಿ, ಹೆಂಡತಿಯ ಎದುರು ಕೂತ.

“ನಿನ್ನ ತಪ್ಪಲ್ಲ ಅಂತ ಡಾಕ್ಟರು ಅಂದ್ರು.”

“ನಾನೂ ಅದನ್ನ ಹೇಳ್ತಿದ್ದೆ” ಎಂದಳು ದಾನವ್ವ. “ಡಾಕ್ಟರ ಮಾತು ನಾನೂ ಕೇಳೇನ್ರಿ. ನಿಮ್ಮ ಮಾತು ಏನೈತಿ ಹೇಳ್ರಿ.”

ಕೊನೆಗೆ ಆತ, “ತಪ್ಪು ನಂದ” ಎಂದ. ಗಡ್ಡೆ ಹೊರಬರುವುದಕ್ಕಿಂತ ಆ ಮಾತು ಹೊರಬರಲು ಹೆಚ್ಚು ಹೊತ್ತು ಹಿಡಿಯಿತಂತೆ.

ಈಗ ನಿಮ್ಮ ಮನೆಗೆ ಬರೋಣ. ಹೊಟ್ಟೆಹುಣ್ಣು ಪದೇ ಪದೇ ಬರುವವರು ಅಂಗಡಿಯ ಗುಳಿಗೆ ನುಂಗುತ್ತ ಕೂಡಬೇಡಿ, ಒಳ್ಳೆಯ ಡಾಕ್ಟರಿಗೆ ತೋರಿಸಿ. ಹುಣ್ಣಿಲ್ಲದವರು ನಗಬೇಡಿ. ವ್ಯಾಪಾರ ಕೆಟ್ಟ ದಿನವೇ ನಿಮಗೆ ಸಾರು ಕೆಟ್ಟಿರುತ್ತದೆ, ಅಲ್ಲವೇ? ಮಗ ಫೇಲಾದ ದಿನವೇ ರೊಟ್ಟಿ ಗಟ್ಟಿಯಾಗಿರುತ್ತದೆ, ಅಲ್ಲವೇ? ಉರಿ ಎಲ್ಲಿ ಹುಟ್ಟಿತೆಂದು ಮೊದಲು ನಿಮ್ಮೊಳಗೆ ಹುಡುಕಿ. ಸಿಗುವ ತನಕ, ಬಡಿಸುವವರನ್ನು ಬಯ್ಯಬೇಡಿ.

ಈಗಾಗಲೇ ಬೈದವರು ಇದ್ದೀರಿ. ಹೆಂಗಸರು ಈ ಕಡೆ ಕೂತಿದ್ದಾರೆ. ಪ್ರಸಾದಕ್ಕೆ ಏಳುವ ಮುಂಚೆ ಹೋಗಿ ಆ ಒಂದು ಮಾತು ಹೇಳಿ ಬನ್ನಿ. ನಾನು ಕಾಯುತ್ತೇನೆ.