ಮೇಷ್ಟ್ರು ಬೀದಿಯಲ್ಲಿಟ್ಟ ಕಲ್ಲು

ಒಂದು ನಗರದಲ್ಲಿ, ಕಣ್ಣಾಸ್ಪತ್ರೆ ಇರೋ ಬೀದಿಯಲ್ಲಿ, ಒಬ್ಬ ಸಾಹುಕಾರ ಇದ್ದ. ಮನೆ ಕಟ್ಟಿಸುವಾಗ ಕಾರಿಗೆ ಅಂತ ಬಿಟ್ಟಿದ್ದ ಜಾಗವನ್ನ ಆಮೇಲೆ ಬಟ್ಟೆ ಅಂಗಡಿಗೆ ಬಾಡಿಗೆ ಕೊಟ್ಟ. ಕಾರು ಎಲ್ಲಿಗೆ ಬಂತು? ಬೀದಿಗೆ. ಕಾರು ಆಚೆ ಹೋದಾಗ ಬೇರೆಯವರು ಬಂದು ನಿಲ್ಲಬಾರದಲ್ಲ, ಅದಕ್ಕೆ ಹೂಕುಂಡ ಅಡ್ಡ ಇಡಿಸಿದ. ನೋಡಿ, ತನ್ನ ಜಾಗಕ್ಕೆ ಬಾಡಿಗೆ ತಗೊಂಡ, ಊರಿನ ಜಾಗವನ್ನ ಪುಕ್ಕಟೆ ನುಂಗಿದ.

ಒಂದು ಮಧ್ಯಾಹ್ನ ಇಂದುಮತಿ ಅನ್ನೋ ಹೆಣ್ಣುಮಗಳು ಅಪ್ಪನನ್ನ ಆ ಆಸ್ಪತ್ರೆಗೆ ಕಾರಿನಲ್ಲಿ ಕರಕೊಂಡು ಬಂದಳು. ಅಪ್ಪನಿಗೆ ಪೊರೆ ಬಂದು ಕಣ್ಣು ಮಂಜು. ಬೀದಿ ತುಂಬ ಕಾರು; ಖಾಲಿ ಇದ್ದದ್ದು ಆ ಕುಂಡಗಳ ಜಾಗ ಒಂದೇ. ಸಾಹುಕಾರ ಗೇಟಿನಲ್ಲೇ ನಿಂತಿದ್ದ.

"ಸರ್, ಅಪ್ಪನನ್ನ ಒಳಗೆ ಬಿಟ್ಟು ಬರೋವರೆಗೆ ಕುಂಡ ಸ್ವಲ್ಪ ಸರಿಸ್ತೀರಾ?"

"ಇದು ನಮ್ಮ ಮನೆ ಮುಂದಿನ ಜಾಗ ಅಮ್ಮ. ಮುಂದೆ ಹೋಗಿ."

ಹಿಂದೆ ಹಾರನ್ ಮೇಲೆ ಹಾರನ್. ಕಣ್ಣು ಕಾಣದವರನ್ನ ನಡುಬೀದಿಯಲ್ಲಿ ಒಬ್ಬರನ್ನೇ ಇಳಿಸೋದು ಹೇಗೆ? ಅವಳು ಸುತ್ತಿ ಸುತ್ತಿ, ಎಲ್ಲೋ ದೂರದಲ್ಲಿ ಕಾರು ನಿಲ್ಲಿಸಿ, ಅಪ್ಪನ ಕೈ ಹಿಡಿದು ಬಿಸಿಲಲ್ಲಿ ನಡೆಸಿಕೊಂಡು ಹೊರಟಳು. ಆಸ್ಪತ್ರೆ ಬೀದಿಗೆ ಬಂದರೆ ಫುಟ್‌ಪಾತ್ ಮೇಲೆಲ್ಲ ಸ್ಕೂಟರು. ರಸ್ತೆಗೆ ಇಳಿದರು. ಅಲ್ಲೊಂದು ಕಲ್ಲು. ಅಪ್ಪ ಎಡವಿ ಬಿದ್ದರು. ಸೊಂಟದ ಮೂಳೆ ಮುರಿಯಿತು.

ಆ ಕಲ್ಲು ಸಾಹುಕಾರನದಲ್ಲ. ಅವನ ಎದುರು ಮನೆಯ ನಿವೃತ್ತ ಮೇಷ್ಟ್ರದು. ಯಾರ ಹತ್ತಿರವೂ ಗಟ್ಟಿಯಾಗಿ ಮಾತಾಡದ ಮನುಷ್ಯ. ನೀರು ಹಿಡಿದು ಓಡಿ ಬಂದರು.

"ಈ ಕಲ್ಲು ಯಾರದು?" ಅಂತ ಇಂದುಮತಿ ಕೇಳಿದಳು.

"ನಂದೇ ಅಮ್ಮ. ಸ್ಕೂಟರಿಗೆ ಜಾಗ ಇರಲಿ ಅಂತ… ಎಲ್ಲರೂ ಇಡ್ತಾರಲ್ಲ."

ಅವಳು ಆ ನೀರು ಮುಟ್ಟಲಿಲ್ಲ.

ಆಮೇಲೆ ಅಪ್ಪನಿಗೆ ಕಣ್ಣಿನ ಆಪರೇಷನ್ ಆಯಿತು. ಕಣ್ಣು ಬಂತು. ಆದರೆ ಮತ್ತೆ ನಡೆಯಲಿಲ್ಲ ಅವರು. ಮಗಳ ಮುಖ ಸ್ಪಷ್ಟವಾಗಿ ನೋಡುತ್ತ ಮಂಚದ ಮೇಲೇ ಉಳಿದರು.

ನಿಮಗೆ ಸಾಹುಕಾರನ ಮೇಲೆ ಸಿಟ್ಟು ಬಂತು, ಅಲ್ಲವೇ? ನನಗೆ ಮೇಷ್ಟ್ರ ಮೇಲೆ ಸಿಟ್ಟು. ಯಾಕೆ? ಇಲ್ಲಿ ಕೂತವರಲ್ಲಿ ಸಾಹುಕಾರರು ಎಷ್ಟು ಜನ ಇದ್ದೀರಿ? ನೀವೆಲ್ಲ ಮೇಷ್ಟ್ರುಗಳು. ಎಲ್ಲರೂ ಇಡ್ತಾರೆ ಅಂತ ಕಲ್ಲು ಇಟ್ಟವರು, ಮುರುಕು ಕುರ್ಚಿ ಇಟ್ಟವರು. ಗೇಟಿನ ಒಳಗೆ ಹಳೇ ಮಂಚ, ತುಕ್ಕು ಹಿಡಿದ ಡ್ರಮ್ಮು ತುಂಬಿಸಿ ಗಾಡಿಯನ್ನ ಬೀದಿಗೆ ತಳ್ಳಿದವರು. ಬೀದಿಯಲ್ಲಿ ಗಾಡಿ ನಿಲ್ಲಿಸೋದಕ್ಕೆ ಪಾಲಿಕೆಯವರು ಶುಲ್ಕ ಕೇಳಿದರೆ ಜಗಳಕ್ಕೆ ನಿಲ್ಲೋರು. ಬೀದಿ ಯಾರಪ್ಪಂದು?

ಮನೆಗೆ ಹೋಗಿ ಮೊದಲು ಆ ಕಲ್ಲು ತೆಗೀರಿ. ಆ ಡ್ರಮ್ಮು ಮಾರಿ, ಗಾಡಿ ಒಳಗೆ ತಗೊಳ್ಳಿ. ಊರಿನ ಜಾಗ ಬಳಸಿದರೆ ಶುಲ್ಕವನ್ನ ಗೊಣಗದೆ ಕೊಡಿ. ಅಷ್ಟೇ ಅಲ್ಲ. ಈ ಪ್ರವಚನ ಕೇಳೋಕೆ ಅಂತ ಹೊರಗೆ ಬೀದಿಯ ಎರಡೂ ಕಡೆ ಗಾಡಿ ಅಡ್ಡ ಹಾಕಿ ಬಂದಿದ್ದೀರಿ. ಎದ್ದು ಹೋಗಿ, ತೆಗೆದು ಬನ್ನಿ. ಅಲ್ಲೀವರೆಗೆ ನಾನು ಬಾಯಿ ಬಿಡೋದಿಲ್ಲ.