ಸಪರಾಲಿ ಮೇಷ್ಟ್ರ ಕಿವಿಗುಗ್ಗೆ

ಅಧ್ಯಕ್ಷಪೀಠದಲ್ಲಿರುವ ಮುಖ್ಯೋಪಾಧ್ಯಾಯ ತುರ್ದುಮಾತ್ ಅವರೇ, ಬಿಳಿ ಟೋಪಿಯ ಹಿರಿಯರೇ, ಮಾಂಸ ಬೇಯುವ ವಾಸನೆಗೆ ಆಗಲೇ ಬಾಗಿಲ ಕಡೆ ತಿರುಗಿರುವ ಸಭಿಕರೇ,

ನಲವತ್ತು ವರ್ಷ ನಮಗೆಲ್ಲ ಕೋಮುಜ್ ವಾದ್ಯ ಕಲಿಸಿದ ಸಪರಾಲಿ ಮೇಷ್ಟ್ರನ್ನು ಇಂದು ಬೀಳ್ಕೊಡುತ್ತಿದ್ದೇವೆ. ಕಾರಣ ತಮಗೆ ಗೊತ್ತು: ಶ್ರವಣಯಂತ್ರ ಹಾಕಿದರೂ ಅವರಿಗೆ ಕೇಳಿಸುವುದಿಲ್ಲ. ಮೂರು ತಂತಿಯೂ ಸಡಿಲಾಗಿದ್ದರೂ ಭೇಷ್ ಅನ್ನುತ್ತಾರೆ. ಆದರೆ ಏಕೆ ಕೇಳಿಸುವುದಿಲ್ಲ? ಊರಿನ ಆಸ್ಪತ್ರೆಯಲ್ಲಿ ಜನರಿಗೆ ಸೂಜಿ ಚುಚ್ಚುವ ಕೆಲಸದಲ್ಲಿರುವ ನನಗೆ ಈ ಕುತೂಹಲ ಊಟ ಸೇರಗೊಡಲಿಲ್ಲ.

ಸಭಿಕರೇ, ಕಿವಿಗುಗ್ಗೆಯನ್ನು ಹೀಗಳೆಯಬೇಡಿ. ಧೂಳು ಒಳಹೋಗದಂತೆ ಬಾಗಿಲು ಕಾಯುವ ನಿಷ್ಠಾವಂತ ಅದು. ಅದಕ್ಕೆ ಸನ್ಮಾನ ಮಾಡಿದವರುಂಟೇ? ಕಳೆದ ಚಳಿಗಾಲದಲ್ಲಿ ನನ್ನಜ್ಜಿ ಮಾಡಿದಳು. ಮೇಷ್ಟ್ರನ್ನು ಕರೆದು, "ಯಂತ್ರಕ್ಕೇನು ಗೊತ್ತಾಗತ್ತೆ ತಮ್ಮಾ? ಕುರಿಬಾಲದ ಕೊಬ್ಬು ಬಿಸಿ ಮಾಡಿ ನಾಲ್ಕು ತೊಟ್ಟು ಬಿಡಿಸ್ಕೋ, ಇರುವೆ ನಡೆದದ್ದೂ ಕೇಳಿಸತ್ತೆ" ಅಂದಳು. ನಮಗೆ ಕೆಮ್ಮಿಗೂ ಅದೇ, ಉಳುಕಿಗೂ ಅದೇ. ತೊಟ್ಟು ಬಿಟ್ಟ ಕೈ ಯಾರದೆಂದು ವಿಚಾರಿಸಬೇಡಿ. ಈಗ ಮೈಕು ಹಿಡಿದಿರುವುದೂ ಅದೇ ಕೈ.

ಚಳಿಗೆ ಕೊಬ್ಬು ಹೆಪ್ಪುಗಟ್ಟಿತು. ಗುಗ್ಗೆಯ ಜೊತೆ ಸೇರಿ ಕಿವಿಗೆ ಬಿರಡೆಯಾಯಿತು, ಯಂತ್ರದ ಬಾಯಲ್ಲಿನ ಸೂಜಿಮೊನೆಯಷ್ಟು ತೂತನ್ನೂ ಮುಚ್ಚಿತು. ಈ ಸೋಮವಾರ ಕಿವಿ ತೊಳೆದೆವು. ಒಣದ್ರಾಕ್ಷಿಯಷ್ಟು ದಪ್ಪದ್ದು ಹೊರಬಂತು. ಯಂತ್ರಕ್ಕೆ ಪುಟ್ಟ ಕುಂಚ ಆಡಿಸಿ ತೊಡಿಸಿದೆ. ಮೇಷ್ಟ್ರು ತಲೆಯೆತ್ತಿ, "ಲೋ, ನಿನ್ನ ಗೋಡೆ ಗಡಿಯಾರ ತಾಳ ತಪ್ತಿದೆ" ಅಂದರು. ಸ್ಪಿರಿಟ್ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು.

ಊರಿಗೆಲ್ಲ ಹೇಳಿಬರುತ್ತೇನೆಂದು ಹೊರಟೆ. "ನಾಲ್ಕು ದಿನ ಸುಮ್ನಿರೋ. ಕಿವುಡನ ಮುಂದೆ ಜನ ಏನು ಮಾತಾಡ್ತಾರೆ, ಕೇಳೋಣ" ಅಂದರು. ಅಲ್ಲಿಂದೀಚೆಗೆ ಶಿಕ್ಷಕರ ಕೊಠಡಿಯಲ್ಲಿ ನಿಮ್ಮೊಡನೆಯೇ ಚಹಾ ಕುಡಿದಿದ್ದಾರೆ. ಅಧ್ಯಕ್ಷರೇ, ಸ್ವಲ್ಪ ನೀರು ಕುಡಿಯಿರಿ. ಮೇಷ್ಟ್ರ ಕೆಲಸವನ್ನು ನಿಮ್ಮ ಅಳಿಯನಿಗೆ ಗೊತ್ತುಮಾಡಿದ್ದೂ ಅವರಿಗೆ ಕೇಳಿಸಿದೆ, ಅವನಿಗೆ ಕೋಮುಜ್ ಹಿಡಿಯಲೂ ಬಾರದೆಂದು ನೀವೇ ನಕ್ಕಿದ್ದೂ ಕೇಳಿಸಿದೆ.

ಇಗೋ, ಸನ್ಮಾನಿತರ ಮುಂದೆ ಕುರಿಯ ತಲೆ ಬಂತು. ಇನ್ನು ನಮ್ಮ ಪದ್ಧತಿಯಂತೆ ಅವರು ಅದರ ಕಿವಿ ಕೊಯ್ದು ಕಿರಿಯರಿಗೆ ಕೊಡಬೇಕು, ದೊಡ್ಡವರ ಮಾತು ಕೇಳಲಿ ಎಂದು. ಚಿಕ್ಕಂದಿನಲ್ಲಿ ಪ್ರತಿ ಸಲವೂ ನನಗೇ ಸಿಗುತ್ತಿತ್ತು, ಪರಿಣಾಮ ನೋಡುತ್ತಿದ್ದೀರಿ. ಮೇಷ್ಟ್ರು ಕೊಯ್ದರು. ಮಕ್ಕಳ ಸಾಲು ದಾಟಿದರು. ನನ್ನನ್ನೂ ದಾಟಿ ಅಧ್ಯಕ್ಷಪೀಠದ ಮುಂದೆ ನಿಂತರು. ಅಧ್ಯಕ್ಷರೇ, ಆ ಬೀಳ್ಕೊಡುಗೆ ಪತ್ರ ಕೆಳಗಿಡಿ. ಕಿವಿ ಇಸಿದುಕೊಳ್ಳಲು ಎರಡೂ ಕೈ ಬೇಕು.

ಕೆಳಗಿಟ್ಟರು. ಬರುವ ಸೋಮವಾರ ಬೆಳಿಗ್ಗೆ ಎಂಟಕ್ಕೆ ಮೇಷ್ಟ್ರ ಪಾಠವಿದೆ, ಮಕ್ಕಳೇ. ತಂತಿ ಬಿಗಿಮಾಡಿಕೊಂಡು ಬನ್ನಿ. ಕಿವಿಯಿದ್ದು ಕೇಳಿಸಿಕೊಂಡ ತಮಗೆಲ್ಲ ವಂದನೆ, ನಮಸ್ಕಾರ.